ನಿಂತ ಟ್ರ್ಯಾಕ್ಟರ್‌ನ ಪಂಪ್ ಮೊದಲೇ ಬಿಚ್ಚಬೇಡಿ

ಕಳೆದ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಒಬ್ಬ ಹುಡುಗ ನನ್ನ ಗ್ಯಾರೇಜಿಗೆ ಬಂದ. ಕೈಯಲ್ಲಿ ಒಂದು ಗೋಣಿಚೀಲ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದವನು. ಅವರಪ್ಪ ತೀರಿಕೊಂಡ ಮೇಲೆ ಟ್ರ್ಯಾಕ್ಟರ್ ಐದು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತಂತೆ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದಿದ್ದಾನೆ. ಇಂಜಿನ್ ಗರಗರ ಅಂತ ಚೆನ್ನಾಗೇ ತಿರುಗಿದೆ, ಆದರೆ ಸ್ಟಾರ್ಟ್ ಆಗಿಲ್ಲ.

'ಪಂಪ್ ಹೋಗಿದೆ ಅಂದ್ರು ಅಣ್ಣಾ, ಬಿಚ್ಚಿ ತಂದಿದೀನಿ' ಅಂದವನೇ ಚೀಲದಿಂದ ಡೀಸೆಲ್ ಪಂಪ್ ತೆಗೆದು ಬೆಂಚಿನ ಮೇಲಿಟ್ಟ. ಪಂಪಿನ ಬಾಯಿಗಳಿಗೆ ಒಂದು ಚೂರು ಪ್ಲಾಸ್ಟಿಕ್ ಕೂಡ ಕಟ್ಟಿರಲಿಲ್ಲ. ಗೋಣಿಯ ನಾರು, ಭತ್ತದ ತೌಡು ಎಲ್ಲ ಅಂಟಿಕೊಂಡಿತ್ತು. 'ಬಿಚ್ಚುವಾಗ ಟೈಮಿಂಗ್ ಮಾರ್ಕ್ ನೋಡ್ಕೊಂಡೆಯೇನಪ್ಪಾ?' ಅಂದೆ. 'ಮಾರ್ಕ್ ಅಂದ್ರೆ?' ಅಂದ. ಪಂಪು ಸರಿಯಾದ ಗಳಿಗೆಗೆ ಡೀಸೆಲ್ ಬಿಡುವ ಹಾಗೆ ಇಂಜಿನ್‌ಗೆ ಕೂರಿಸೋಕೆ ಇರುವ ಗುರುತು ಅದು.

ಆ ಪಂಪು ಕೊಟ್ಟಿಗೆಯಲ್ಲಿ ಇದ್ದಷ್ಟು ದಿನ ಚೆನ್ನಾಗಿಯೇ ಇತ್ತು. ಅದು ಕೆಟ್ಟಿದ್ದು ಚೀಲದಲ್ಲಿ ಬರುವಾಗ.

ಇವತ್ತು ಈ ಸಭೆಯಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಬಹಳ ದಿನ ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರ ಕೈಯೂ ಮೊದಲು ಪಂಪಿಗೇ ಹೋಗುತ್ತದೆ. ಡೀಸೆಲ್ ದಾರಿಯಲ್ಲಿ ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ನಾಜೂಕಿನ ವಸ್ತು ಅದು. ಅದನ್ನು ಕೊನೆಗೆ ಮುಟ್ಟಬೇಕು. ಡೀಸೆಲ್ ಟ್ಯಾಂಕಿನಿಂದ ಹೊರಟು, ಸಿಲಿಂಡರಿನೊಳಗೆ ಅದನ್ನು ಸಿಂಪಡಿಸುವ ನಾಜಲ್ ತನಕ ಹೋಗುತ್ತದಲ್ಲ, ನೀವೂ ಅದರ ಜೊತೆಗೇ ನಡೆಯಿರಿ. ಕಾಲುವೆಗೆ ನೀರು ಬರದಿದ್ದರೆ ತೂಬಿನಿಂದ ನೋಡಿಕೊಂಡು ಬರ್ತೀರಿ, ಅಲ್ವಾ? ಗದ್ದೆ ಅಗೆದು ನೋಡುವುದಿಲ್ಲವಲ್ಲ.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಎರಡು ಮೂರು ಸಂಗತಿ ನೋಡಬೇಕು. ಒಂದು, ಇಂಜಿನ್ ಆಯಿಲ್. ಕಡ್ಡಿ ಎಳೆದು ನೋಡಿ, ಮೂಸಿಯೂ ನೋಡಿ. ಆಯಿಲ್ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಸೆಲ್ಫ್ ಮುಟ್ಟಬೇಡಿ. ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪಿಗೆ ಫೀಡ್ ಪಂಪ್ ಅಂತಾರೆ. ಅದರಲ್ಲಿ ಡಯಾಫ್ರಾಮ್ ಅನ್ನುವ ರಬ್ಬರ್ ಹಾಳೆ ಇದ್ದು ಅದು ಹರಿದರೆ ಡೀಸೆಲ್ ಸೀದಾ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತವೆ.

ಇನ್ನೊಂದು, ಸ್ಟಾಪರ್. ಗಾಡಿ ನಿಲ್ಲಿಸುವಾಗ ಎಳೆಯುತ್ತೀರಲ್ಲ, ಅದೇ. ಐದು ವರ್ಷದ ಹಿಂದೆ ಕೊನೆಯ ಸಲ ಗಾಡಿ ನಿಲ್ಲಿಸಿದವರು ಅದನ್ನು ಎಳೆದೇ ನಿಲ್ಲಿಸಿರುತ್ತಾರೆ. ಕೇಬಲ್ಲಿನೊಳಗೆ ತುಕ್ಕು ಹಿಡಿದು ಅದು ಅಲ್ಲೇ ಕಚ್ಚಿಕೊಂಡಿರುತ್ತದೆ. ಮುಂದಿನ ಹಿಡಿ ಒಳಗೆ ಹೋದ ಹಾಗೆ ಕಾಣುತ್ತದೆ, ಪಂಪಿನ ಮೇಲಿನ ಲಿವರ್ ಮಾತ್ರ 'ಸ್ಟಾಪ್'ನಲ್ಲೇ ಇರುತ್ತದೆ. ಅದಕ್ಕೇ ಹೇಳುವುದು, ಹಿಡಿ ನೋಡಿ ನಂಬಬೇಡಿ, ಪಂಪಿನ ಹತ್ತಿರ ಹೋಗಿ ಲಿವರನ್ನೇ ಕೈಯಲ್ಲಿ ಆಡಿಸಿ. ಒಬ್ಬರ ಮನೆಯಲ್ಲಿ ನಾನು ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸೇರಿಕೊಂಡ ಗಾಳಿ, ತೆಗೆದದ್ದೇ ತೆಗೆದದ್ದು. ಕೊನೆಗೆ ಆ ಮನೆಯ ಅಜ್ಜಿ ಊಟಕ್ಕೆ ಕರೆಯೋಕೆ ಬಂದಾಗ ಎದ್ದು ನಿಂತೆ, ಆ ಲಿವರ್ ಕಣ್ಣಿಗೆ ಬಿತ್ತು. ಬೆರಳಲ್ಲಿ ತಳ್ಳಿದೆ. ಊಟಕ್ಕೆ ಮೊದಲೇ ಗಾಡಿ ಸ್ಟಾರ್ಟ್ ಆಯಿತು.

ಈಗ ಸೈಲೆನ್ಸರ್ ಕಡೆ ಕಣ್ಣಿಟ್ಟು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹತ್ತೇ ಸೆಕೆಂಡ್, ಆಮೇಲೆ ಸೆಲ್ಫ್ ಮೋಟರಿಗೆ ಒಂದು ನಿಮಿಷ ವಿಶ್ರಾಂತಿ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಅದರ ಬಿಸಿ 500 ಡಿಗ್ರಿ ದಾಟುತ್ತದೆ, ಅದರೊಳಗೆ ಡೀಸೆಲ್ ಮಂಜಿನ ಹಾಗೆ ಬಿದ್ದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಬೀಳುತ್ತಿದೆ, ಸರಿಯಾಗಿ ಹೊತ್ತುತ್ತಿಲ್ಲ ಅಂತ. ಇಂಜಿನ್ ನಿಧಾನಕ್ಕೆ ತಿರುಗುತ್ತಿರಬಹುದು, ಕಂಪ್ರೆಷನ್ ಕಡಿಮೆ ಇರಬಹುದು, ನಾಜಲ್ ಸರಿಯಾಗಿ ಸ್ಪ್ರೇ ಮಾಡದೆ ಸುರಿಯುತ್ತಿರಬಹುದು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್ ತನಕ ಬಂದೇ ಇಲ್ಲ. ನಿಂತ ಗಾಡಿಗಳಲ್ಲಿ ನಾನು ಜಾಸ್ತಿ ನೋಡುವುದು ಈ ಎರಡನೆಯದನ್ನೇ.

ಸರಿ, ಟ್ಯಾಂಕಿಗೆ ಬನ್ನಿ. ಮುಚ್ಚಳದ ವಿಷಯ ಈಗ ಬೇಡ, ಕೊನೆಗೆ ಹೇಳುತ್ತೇನೆ. ಅದು ನನ್ನದೇ ತಪ್ಪಿನ ಕಥೆ.

ಒಂದು ಖಾಲಿ ನೀರಿನ ಬಾಟಲಿ ತಗೊಳ್ಳಿ, ಪಾರದರ್ಶಕ ಇರಬೇಕು. ಟ್ಯಾಂಕಿನ ತಳದ ಡ್ರೇನ್ ಬಿಚ್ಚಿ, ಮೊದಲು ಬರುವ ಒಂದು ಲೀಟರನ್ನು ಅದಕ್ಕೆ ಹಿಡಿಯಿರಿ. ಅಲ್ಲಾಡಿಸದೆ ಒಂದು ಕಡೆ ಇಟ್ಟು ಟೀ ಕುಡಿದು ಬನ್ನಿ. ಬಂದು ನೋಡಿದರೆ ಬಾಟಲಿಯೊಳಗೆ ಪದರ ಪದರ ಆಗಿರುತ್ತದೆ. ಮೇಲೆ ಡೀಸೆಲ್. ಹೊಸದಾದರೆ ತಿಳಿ ಹಳದಿ, ಹಳೆಯದಾದರೆ ಕಾಫಿ ಡಿಕಾಕ್ಷನ್ ಬಣ್ಣ. ತಳದಲ್ಲಿ ನೀರು. ಇವೆರಡರ ನಡುವೆ ಕೆಲವು ಸಲ ಕಂದು ಬಣ್ಣದ, ಲೋಳೆಯಂಥ ಒಂದು ಪೊರೆ. ಬೆರಳಿಗೆ ಹತ್ತಿಸಿಕೊಂಡರೆ ಲೋಳೆಸರ ಮುಟ್ಟಿದ ಹಾಗಿರುತ್ತದೆ, ವಾಸನೆ ಮಾತ್ರ ಹುಳಿ ಹುಳಿ.

ನೀರು ಎಲ್ಲಿಂದ ಬಂತು? ಯಾರೂ ಹಾಕಿಲ್ಲ. ಬಂಕಿನವರ ಮೇಲೂ ಸುಮ್ನೆ ಗೂಬೆ ಕೂರಿಸಬೇಡಿ. ಅರ್ಧ ಟ್ಯಾಂಕ್ ಡೀಸೆಲ್ ಇಟ್ಟು ಗಾಡಿ ನಿಲ್ಲಿಸಿದರೆ ಉಳಿದರ್ಧ ಗಾಳಿ. ಹಗಲು ಬಿಸಿಗೆ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಂಪಿಗೆ ಹೊಸ ಗಾಳಿ ಒಳಗೆ ಬರುತ್ತದೆ, ತೇವ ಹೊತ್ತುಕೊಂಡೇ ಬರುತ್ತದೆ. ತಣ್ಣನೆಯ ತಗಡಿಗೆ ಅದು ಬೆವರಿನ ಹಾಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲ್‌ಗಿಂತ ನೀರು ಭಾರ, ತಳ ಸೇರುತ್ತದೆ. ದಿನಕ್ಕೆ ನಾಲ್ಕು ಹನಿ ಅಂದರೂ ಐದು ಮಳೆಗಾಲಕ್ಕೆ ಎಷ್ಟಾಯಿತು, ಲೆಕ್ಕ ಹಾಕಿ. ಮಲೆನಾಡು, ಕರಾವಳಿ ಕಡೆಯ ಗಾಡಿಗಳಲ್ಲಿ ಇದು ಇನ್ನೂ ಜಾಸ್ತಿ.

ಆ ಲೋಳೆಗೆ ನಮ್ಮ ಕಡೆ ಪಾಚಿ ಅನ್ನುತ್ತಾರೆ. ಪಾಚಿ ಅಲ್ಲ ಅದು. ಪಾಚಿಗೆ ಬಿಸಿಲು ಬೇಕು, ಟ್ಯಾಂಕಿನೊಳಗೆ ಕತ್ತಲು. ಅದು ಬೂಷ್ಟು ಮತ್ತು ಬ್ಯಾಕ್ಟೀರಿಯಾ. ನೀರಿನಲ್ಲಿ ಇದ್ದುಕೊಂಡು ಡೀಸೆಲ್ ತಿಂದು ಬದುಕುತ್ತವೆ. ನೀರು ತೆಗೆದರೆ ಅವುಗಳ ಸಂಸಾರ ಮುಗಿಯಿತು. ಅದಕ್ಕೇ ಮೇಲೆ ಹೊಸ ಡೀಸೆಲ್ ಸುರಿದು 'ಬೆರೆತು ಸರಿಹೋಗುತ್ತೆ' ಅನ್ನುವುದು ತಪ್ಪು. ಪೂರ್ತಿ ಇಳಿಸಿ. ಟ್ಯಾಂಕ್ ಬಿಚ್ಚಿ, ಎರಡು ಲೀಟರ್ ಒಳ್ಳೆ ಡೀಸೆಲ್ ಹಾಕಿ, ಒಂದು ತುಂಡು ಸಣ್ಣ ಸರಪಳಿ ಒಳಗೆ ಬಿಟ್ಟು ಚೆನ್ನಾಗಿ ಕುಲುಕಿ. ತುಕ್ಕಿನ ಚಕ್ಕೆ ಕಳಚಿಕೊಂಡು ಬರುತ್ತದೆ. ಬರುವ ಡೀಸೆಲ್ ತಿಳಿಯಾಗುವ ತನಕ ಮಾಡಿ. ಸರಪಳಿ ಹೊರಗೆ ತೆಗೆಯೋದು ಮರೀಬೇಡಿ, ಮರೆತವರಿದ್ದಾರೆ. ಟ್ಯಾಂಕ್ ತೂತಾಗಿದ್ದರೆ ನಮ್ಮವರು ಬಟ್ಟೆ ಸೋಪ್ ಉಜ್ಜಿ ಮುಚ್ಚುತ್ತಾರೆ. ತಾತ್ಕಾಲಿಕಕ್ಕೆ ಅದು ನಿಜವಾಗಿಯೂ ನಿಲ್ಲುತ್ತದೆ, ನಗಬೇಡಿ. ಆದರೆ ಖಾಲಿ ಟ್ಯಾಂಕ್ ಅಂತ ಸೀದಾ ವೆಲ್ಡಿಂಗ್‌ಗೆ ಒಯ್ಯಬೇಡಿ. ಒಳಗಿನ ಆವಿಗೆ ಕಿಡಿ ತಗುಲಿದರೆ ಟ್ಯಾಂಕು ಬಾಂಬ್ ಆಗುತ್ತದೆ.

ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪು. ನನ್ನ ಪ್ರಕಾರ ಜನ ಅತಿ ಕಡಿಮೆ ನೋಡುವ, ಅತಿ ಜಾಸ್ತಿ ಕಾಟ ಕೊಡುವ ಜಾಗ ಇದು. ಮೊದಲು ಟ್ಯಾಂಕಿನ ಕಾಕ್, ಅಂದರೆ ಡೀಸೆಲ್ ಬಿಡುವ-ನಿಲ್ಲಿಸುವ ನಲ್ಲಿ, ತೆಗೆದಿದೆಯಾ ನೋಡಿ. ಅದನ್ನೇ ಮರೆತು ಅರ್ಧ ದಿನ ಒದ್ದಾಡಿದವರು ಈ ಸಭೆಯಲ್ಲೂ ಇರಬಹುದು. ಆಮೇಲೆ ಪೈಪನ್ನು ಒಂದು ತುದಿಯಲ್ಲಿ ಬಿಚ್ಚಿ, ಡೀಸೆಲ್ ತಾನಾಗಿ ಬೆರಳು ದಪ್ಪ ಬರುತ್ತದಾ, ನೂಲಿನಂತೆ ಬರುತ್ತದಾ ನೋಡಿ. ನೂಲಿನಂತೆ ಬಂದರೆ ಕಾಕ್‌ನ ಒಳಗಿನ ಜಾಲರಿ ಕಟ್ಟಿದೆ.

ಪೈಪು ನಿಂತು ನಿಂತು ಒಣಗಿ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಕೊಟ್ಟಿಗೆಯಲ್ಲಿ ಇಲಿ ಬೇರೆ. ತಮಾಷೆ ಏನೆಂದರೆ, ಇಲ್ಲಿನ ಬಿರುಕು ಯಾವಾಗಲೂ ಸೋರಿ ತೋರಿಸುವುದಿಲ್ಲ. ಯಾಕೆ ಅಂದರೆ ಇದು ಎಳೆಯುವ ಕಡೆ, ತಳ್ಳುವ ಕಡೆ ಅಲ್ಲ. ಇಂಜಿನ್ ಓಡುವಾಗ ಫೀಡ್ ಪಂಪು ಡೀಸೆಲ್ ಎಳೆಯುವ ಬದಲು ಆ ಬಿರುಕಿನಿಂದ ಗಾಳಿ ಎಳೆಯುತ್ತದೆ. ಬಾವಿ ಮೋಟರಿನ ಸಕ್ಷನ್ ಪೈಪಿನಲ್ಲಿ ಸಣ್ಣ ತೂತಾದರೆ ಏನಾಗುತ್ತದೆ? ಮೋಟರ್ ಓಡುತ್ತದೆ, ನೀರು ಬರಲ್ಲ, ಕೊಡಗಟ್ಟಲೆ ನೀರು ತುಂಬಿಸಿದರೂ ಹಿಡಿಯಲ್ಲ. ಅದೇ ಇದು. ಅನುಮಾನ ಬಂದರೆ ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ಹಾಕಿ ಎತ್ತರಕ್ಕೆ ಕಟ್ಟಿ, ಅಲ್ಲಿಂದ ಪಾರದರ್ಶಕ ಪೈಪಿನಲ್ಲಿ ಫೀಡ್ ಪಂಪಿಗೆ ಕೊಡಿ. ಗಾಡಿ ಚೆನ್ನಾಗಿ ಓಡಿದರೆ ತಪ್ಪು ಟ್ಯಾಂಕಿನ ಕಡೆ. ಕ್ಯಾನಿನಿಂದ ಕೊಟ್ಟರೂ ಆಗಲಿಲ್ಲ ಅಂದರೆ ಮುಂದೆ ನಡೆಯಿರಿ. ಇಷ್ಟು ಸುಲಭದ ಪರೀಕ್ಷೆ, ಕ್ಯಾನು ಎಲ್ಲರ ಮನೆಯಲ್ಲೂ ಇದೆ.

ಫಿಲ್ಟರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎರಡನ್ನೂ ಬದಲಿಸಿ, ತೊಳೆದು ಹಾಕಬೇಡಿ. ಒಂದು ಮಾತು ಮಾತ್ರ. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಮೇಲಿನ ತಲೆಗೇ ಅಂಟಿಕೊಂಡಿರುತ್ತದೆ. ಕಪ್ಪು ಜಾಗದಲ್ಲಿ ಕಪ್ಪು ರಿಂಗು, ಕಾಣಲ್ಲ. ಅದರ ಮೇಲೇ ಹೊಸ ರಿಂಗ್ ಹಾಕಿ ಬಿಗಿದರೆ ಎಷ್ಟು ಬಿಗಿದರೂ ಗಾಳಿ ಎಳೆಯುತ್ತದೆ. ಉಗುರಿನಲ್ಲಿ ಕೆರೆದು ನೋಡಿ. ಪೈಪಿನ ಬೋಲ್ಟುಗಳ ತಾಮ್ರದ ವಾಷರ್‌ಗಳನ್ನೂ ಹೊಸದು ಹಾಕಿ. ಅವು ಚಿಲ್ಲರೆ ಕಾಸಿನ ಸಾಮಾನು.

ಈಗ ಏರ್ ತೆಗೆಯುವ ಕೆಲಸ. ಅವಸರದವರಿಗೆ ಆಗದ ಕೆಲಸ ಇದು. ಫೀಡ್ ಪಂಪಿನಲ್ಲಿ ಕೈಯಿಂದ ಒತ್ತುವ ಗುಂಡಿಯೋ ಲಿವರೋ ಇರುತ್ತದೆ. ಮೊದಲ ಫಿಲ್ಟರಿನ ತಲೆಯ ಸ್ಕ್ರೂ ಎರಡು ಸುತ್ತು ಸಡಿಲ ಮಾಡಿ, ಒತ್ತುತ್ತಾ ಹೋಗಿ. ಮೊದಲು ಪುಸ್ ಪುಸ್ ಅಂತ ಬರೀ ಗಾಳಿ. ಆಮೇಲೆ ಸೋಪಿನ ನೊರೆಯ ಹಾಗೆ. ಆಮೇಲೆ ಗುಳ್ಳೆ ಬೆರೆತ ಡೀಸೆಲ್. ಕೊನೆಗೆ ಒಂದೂ ಗುಳ್ಳೆ ಇಲ್ಲದೆ ದಾರದ ಹಾಗೆ ಬರುತ್ತದೆ. ಹಾಗೆ ಬಂದ ಮೇಲೂ ಹತ್ತು ಸಲ ಒತ್ತಿ, ಒತ್ತುತ್ತಲೇ ಸ್ಕ್ರೂ ಬಿಗಿಯಿರಿ. ಕೈಬಿಟ್ಟು ಬಿಗಿದರೆ ಮತ್ತೆ ಗಾಳಿ ಒಳಗೆ ಹೋಗುತ್ತದೆ. ಹೀಗೇ ಎರಡನೇ ಫಿಲ್ಟರ್, ಆಮೇಲೆ ಪಂಪಿನ ಮೇಲಿನ ಸ್ಕ್ರೂ. ಇದೇ ವರಸೆಯಲ್ಲಿ, ಹಿಂದೆ ಮುಂದೆ ಮಾಡಬೇಡಿ.

ಕೆಲವು ಸಲ ಲಿವರ್ ಎಷ್ಟು ಆಡಿಸಿದರೂ ಸಡಿಲವಾಗಿ ಅತ್ತಿತ್ತ ಆಡುತ್ತದೆ, ಏನೂ ಬರಲ್ಲ. ಫೀಡ್ ಪಂಪೇ ಹೋಯಿತು ಅಂದುಕೊಳ್ಳಬೇಡಿ. ಇಂಜಿನ್ ನಿಂತಾಗ, ಆ ಪಂಪನ್ನು ಆಡಿಸುವ ಕ್ಯಾಮ್ ಅನ್ನುವ ತಿರುಗುವ ಭಾಗದ ಉಬ್ಬು ಪಂಪಿನ ತೋಳನ್ನು ಒತ್ತಿಕೊಂಡೇ ನಿಂತಿರುತ್ತದೆ. ಇಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ, ಲಿವರಿಗೆ ತೂಕ ಬಂದಿರುತ್ತದೆ.

ಕೊನೆಗೆ ನಾಜಲ್ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ಪ್ರತಿ ನಟ್ಟಿನಿಂದ ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಇಲ್ಲಿ ಒಂದು ಎಚ್ಚರಿಕೆ, ಇದನ್ನು ಮಾತ್ರ ಮನೆಯವರಿಗೆಲ್ಲ ಹೇಳಿ. ಈ ಪೈಪಿನಲ್ಲಿ ಒತ್ತಡ ಒಂದು ಚದರ ಸೆಂಟಿಮೀಟರಿಗೆ ನೂರೈವತ್ತು ಕೆಜಿಗೂ ಮೇಲೆ ಇರುತ್ತದೆ. ಸೋರುತ್ತಿದೆಯಾ ಅಂತ ಬೆರಳಿಟ್ಟು ನೋಡಬೇಡಿ. ಕೂದಲಿನಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ನೋಡೋಕೆ ಮುಳ್ಳು ಚುಚ್ಚಿದ ಹಾಗೆ ಇರುತ್ತದೆ, ಮೊದಲು ನೋವೂ ಅಷ್ಟಿರಲ್ಲ. ಆದರೆ ಒಳಗಿನ ಮಾಂಸ ಸಾಯಲು ಶುರುವಾಗುತ್ತದೆ, ಬೆರಳೇ ತೆಗೆಯಬೇಕಾಗಬಹುದು. ಹಾಗೆ ಆದರೆ ಅರಿಶಿನ ಹಚ್ಚಿ ಕೂರಬೇಡಿ, ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಇಷ್ಟೆಲ್ಲ ಆಗಿ, ಪಂಪಿನ ತನಕ ಡೀಸೆಲ್ ಬಂದು, ಪಂಪಿನಿಂದ ಆಚೆ ಬರದಿದ್ದರೆ ಆಗ ಪಂಪಿನ ಮೇಲೆ ಅನುಮಾನ ಪಡಿ. ನಮ್ಮ ಕಡೆ ಈ ಪಂಪಿಗೆ ಈಗಲೂ ಮೈಕೋ ಪಂಪ್ ಅಂತಲೇ ಹೆಸರು. ಮೈಕೋ ಕಂಪನಿ ಬೆಂಗಳೂರಲ್ಲಿ ಶುರುವಾದದ್ದು 1951ರಲ್ಲಿ. ಆಡುಗೋಡಿಯ ಕಾರ್ಖಾನೆ ನಿಮ್ಮಲ್ಲಿ ಕೆಲವರು ನೋಡಿರಬಹುದು. 2008ರಲ್ಲಿ ಹೆಸರು ಬಾಷ್ ಅಂತಾಯಿತು. ಅದರ ಮೂಲದ ಜರ್ಮನಿ ಕಂಪನಿ ಡೀಸೆಲ್ ಪಂಪುಗಳನ್ನು ದೊಡ್ಡ ಲೆಕ್ಕದಲ್ಲಿ ಮಾಡಲು ಶುರು ಮಾಡಿದ್ದು 1927ರಲ್ಲಿ. ಆ ಪಂಪಿನೊಳಗೆ ಪ್ಲಂಜರ್ ಅಂತ ಒಂದು ಕಡ್ಡಿ, ಅದು ಓಡಾಡುವ ಬ್ಯಾರೆಲ್ ಅಂತ ಒಂದು ನಳಿಗೆ. ಎರಡರ ನಡುವಿನ ಸಂದು ಎರಡರಿಂದ ನಾಲ್ಕು ಮೈಕ್ರಾನ್. ನಮ್ಮ ತಲೆಗೂದಲು 70 ಮೈಕ್ರಾನ್ ಹತ್ತಿರ ಇರುತ್ತದೆ. ಗೋಣಿಯ ನಾರು ಅಲ್ಲಿ ಹೋದರೆ ಏನು ಗತಿ, ಯೋಚನೆ ಮಾಡಿ. ಆ ಸಂದಿಗೆ ಎಣ್ಣೆ ಡೀಸೆಲ್ಲೇ. ಡೀಸೆಲ್ ಇರಬೇಕಾದ ಕಡೆ ನೀರು ಬಂದು ವರ್ಷಗಟ್ಟಲೆ ನಿಂತರೆ ಪ್ಲಂಜರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ಪ್ಲಂಜರ್‌ಗಳು ಸಾಲಾಗಿ ಇರುವ ಸಾಲು ಪಂಪಿನಲ್ಲಿ ಪಕ್ಕದ ಮುಚ್ಚಳ ಬಿಚ್ಚಿದರೆ ರ‍್ಯಾಕ್ ಕಾಣುತ್ತದೆ, ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸರಳು ಅದು. ಅದು ಬೆರಳ ಒತ್ತಡಕ್ಕೆ ಅತ್ತಿತ್ತ ಸರಿಯಬೇಕು. ಸರಿಯದಿದ್ದರೆ ಸ್ಟಾರ್ಟ್ ಮಾಡುವ ಮಾತೇ ಬೇಡ. ಯಾಕೆಂದರೆ ರ‍್ಯಾಕ್ ಫುಲ್ ಡೀಸೆಲ್ ಕೊಡುವ ಕಡೆ ಕಚ್ಚಿಕೊಂಡಿದ್ದರೆ, ಇಂಜಿನ್ ಹೊತ್ತಿದ ಕೂಡಲೇ ರೇಸ್ ಹಿಡಿಯುತ್ತದೆ. ಆಕ್ಸಿಲರೇಟರ್ ಇಳಿಸಿದರೂ ಕೇಳಲ್ಲ, ಸ್ಟಾಪರ್ ಎಳೆದರೂ ಕೇಳಲ್ಲ. ಟ್ಯಾಂಕಿನ ಕಾಕ್ ಮುಚ್ಚಿದರೂ ಫಿಲ್ಟರಿನಲ್ಲಿರುವ ಡೀಸೆಲ್ ಸಾಕು ಇಂಜಿನ್ ಒಡೆದುಕೊಳ್ಳೋಕೆ. ಅದಕ್ಕೆ ಬಹಳ ದಿನ ನಿಂತ ಗಾಡಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ನಾನು ಏರ್ ಕ್ಲೀನರ್ ಪೈಪ್ ಬಿಚ್ಚಿಟ್ಟು, ಒಬ್ಬರ ಕೈಗೆ ಒಂದು ಮಣೆ ಕೊಟ್ಟು ಅಲ್ಲೇ ನಿಲ್ಲಿಸುತ್ತೇನೆ. ಹೌದು, ಊಟಕ್ಕೆ ಕೂರುವ ಮಣೆ. ರೇಸ್ ಹಿಡಿದರೆ ಆ ಗಾಳಿಯ ಬಾಯಿಗೆ ಮಣೆ ಒತ್ತಿ ಹಿಡಿದರೆ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಕೈ ಒಡ್ಡಬೇಡಿ, ಬಟ್ಟೆ ತುರುಕಬೇಡಿ, ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಗಾಳಿಯ ಬಾಯಿ ಅಂದಾಗ ನೆನಪಾಯಿತು. ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುವ ಮೆಕ್ಯಾನಿಕ್‌ಗಳಿದ್ದಾರೆ. ನನಗೂ ಚಿಕ್ಕವನಿದ್ದಾಗ ಅದನ್ನೇ ಕಲಿಸಿದ್ದು. ಒಂದು ಸಲ ಬೆಂಕಿ ಹಿಂದಕ್ಕೆ ಬಂದು ಹುಬ್ಬು ಸುಟ್ಟುಕೊಂಡೆ, ಬಿಟ್ಟೆ. ಡೀಸೆಲ್ ಬರದ ಇಂಜಿನ್ ಪೆಟ್ರೋಲಿನಲ್ಲಿ ಎರಡು ಸಲ ಕೆಮ್ಮಿದರೆ ರೋಗ ವಾಸಿಯಾದ ಹಾಗಲ್ಲ.

ಸ್ಟಾರ್ಟ್ ಆಯಿತು, ಆದರೆ ಕುಂಟುತ್ತಾ ಓಡುತ್ತಿದೆ ಅಂದರೆ ನಾಜಲ್ ನೋಡಿ. ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ, ಮೇಲೆ ಬಟ್ಟೆ ಮುಚ್ಚಿ, ಒಂದೊಂದೇ ನಾಜಲ್ ನಟ್ಟು ಸ್ಪ್ಯಾನರಿನಲ್ಲಿ ಸಡಿಲಿಸಿ. ಸಡಿಲಿಸಿದಾಗ ಶಬ್ದ ಬದಲಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಬದಲಾಗದೇ ಹೋದದ್ದು ಸತ್ತಿದೆ. ಆ ಒಂದು ನಾಜಲ್ ಮಾತ್ರ ಬಿಚ್ಚಿ ಟೆಸ್ಟಿಂಗ್‌ಗೆ ಒಯ್ಯಿರಿ. ಬಾಯಿ ಮುಚ್ಚಿ ಒಯ್ಯಿರಿ, ಗೋಣಿಚೀಲದಲ್ಲಿ ಬೇಡ.

ಹಿಂದೆ ಕೂತ ಯಜಮಾನರು ಒಬ್ಬರು ಕೇಳಿದರು, ಈಗಿನ ಡೀಸೆಲ್ ಹಳೇ ಗಾಡಿಗೆ ಒಗ್ಗುತ್ತದಾ ಅಂತ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬರುತ್ತಿದೆ. ಅದರಲ್ಲಿ ಗಂಧಕ 50 ಪಿಪಿಎಂನಿಂದ, ಅಂದರೆ ಹತ್ತು ಲಕ್ಷ ಪಾಲಿಗೆ 50 ಪಾಲಿನಿಂದ, 10ಕ್ಕೆ ಇಳಿದಿದೆ. ಗಂಧಕ ತೆಗೆಯುವಾಗ ಜಿಡ್ಡಿನ ಗುಣವೂ ಸ್ವಲ್ಪ ಹೋಗುತ್ತದೆ, ಅದಕ್ಕೆ ಬೇರೆ ಸೇರಿಸಿಯೇ ಕಳಿಸುತ್ತಾರೆ. ಗಾಡಿಗೆ ಏನೂ ಆಗಲ್ಲ. ಸೀಮೆಎಣ್ಣೆ ಬೆರೆಸಿದರೆ ಆಗುತ್ತದೆ. ಇಳಿಸಿದ ಹಳೇ ಡೀಸೆಲ್ ಏನು ಮಾಡೋದು ಅಂತಲೂ ಕೇಳಿದರು. ಗಾಡಿಯ ಸಾಮಾನು ತೊಳೆಯೋಕೆ ಇಟ್ಟುಕೊಳ್ಳಿ, ಬಾವಿ ಹತ್ತಿರ ಮಾತ್ರ ಚೆಲ್ಲಬೇಡಿ. ಇನ್ನು ಗಾಡಿ ನಿಲ್ಲಿಸಲೇಬೇಕಾದರೆ ಟ್ಯಾಂಕ್ ಕುತ್ತಿಗೆ ತನಕ ತುಂಬಿಸಿ ನಿಲ್ಲಿಸಿ, ತಿಂಗಳಿಗೊಮ್ಮೆ ಅರ್ಧ ಗಂಟೆ ಹೊಲದ ಸುತ್ತ ಓಡಿಸಿ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಇಲ್ಲ, ಬೆವರೂ ಇಲ್ಲ.

ಆ ಹುಡುಗನ ಗಾಡಿಗೆ ಬರುತ್ತೇನೆ. ಪಂಪನ್ನು ಕ್ಯಾಲಿಬ್ರೇಷನ್‌ಗೆ, ಅಂದರೆ ಡೀಸೆಲ್ ಅಳತೆ ಸರಿ ಮಾಡಿಸೋಕೆ, ಕಳಿಸಿ ತೊಳೆಸಿದೆವು. ಟೈಮಿಂಗ್ ಮಾರ್ಕ್ ಹುಡುಕಿ ಕೂರಿಸಲು ಒಂದು ದಿನ ಹಿಡಿಯಿತು. ಟ್ಯಾಂಕಿನಿಂದ ಮೂರು ಲೀಟರ್ ನೀರು ಬಂತು. ಜಾಲರಿ ಪೂರ್ತಿ ಕಟ್ಟಿತ್ತು, ನಿಜವಾದ ತಪ್ಪು ಅಲ್ಲೇ ಇದ್ದದ್ದು. ಹೊಸ ಪೈಪು, ಎರಡು ಫಿಲ್ಟರು, ವಾಷರು ಹಾಕಿ ಏರ್ ತೆಗೆದೆವು. ಮೂರನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ಅವರಮ್ಮ ಕಾಯಿ ಒಡೆದರು. ಕಾಫಿ ಬಂತು. ಲೋಟ ಕೈಗೆ ತಗೊಂಡಿದ್ದೇ ತಡ, ಇಂಜಿನ್ ಡುಗ್ ಡುಗ್ ಅಂತ ನಿಂತುಹೋಯಿತು.

ಮತ್ತೆ ಏರ್ ತೆಗೆದೆ. ಮತ್ತೆ ಸ್ಟಾರ್ಟ್ ಆಯಿತು, ಏಳೆಂಟು ನಿಮಿಷಕ್ಕೆ ಮತ್ತೆ ನಿಂತಿತು. ಮೂರು ಸಲ ಹೀಗೇ. ಹೊಸ ಪೈಪಿನ ಮೇಲೆ, ಹೊಸ ವಾಷರ್ ಮೇಲೆ, ಕ್ಯಾಲಿಬ್ರೇಷನ್ ಮಾಡಿದವನ ಮೇಲೆ, ಎಲ್ಲದರ ಮೇಲೂ ನನಗೆ ಅನುಮಾನ. ಕೊನೆಗೆ ಹುಡುಗ ಎಷ್ಟು ಡೀಸೆಲ್ ಉಳಿದಿದೆ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತೆಗೆದ. ಹುಸ್ಸ್ ಅಂತ ಶಬ್ದ ಬಂತು, ಒಳಗೆ ಗಾಳಿ ನುಗ್ಗಿದ ಶಬ್ದ. ಟ್ಯಾಂಕಿನಿಂದ ಡೀಸೆಲ್ ಹೋದಷ್ಟೂ ಅಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿದರೆ ಒಳಗೆ ಸೆಳೆತ ಹುಟ್ಟಿ ಡೀಸೆಲ್ ಅಲ್ಲೇ ನಿಲ್ಲುತ್ತದೆ. ಟ್ಯಾಂಕಿನಿಂದ ಶುರು ಮಾಡಿ ಅಂತ ಊರಿಗೆಲ್ಲ ಹೇಳುವ ನಾನು, ಟ್ಯಾಂಕ್ ತೊಳೆಯುವಾಗ ಆ ಮುಚ್ಚಳವನ್ನು ಪಕ್ಕಕ್ಕೆ ಇಟ್ಟು ಹಾಗೇ ವಾಪಸ್ ಹಾಕಿದ್ದೆ.

ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಹುಡುಗ ಪೊರಕೆ ಕಡ್ಡಿ ತಂದು ಚುಚ್ಚಿದ. ಮಣ್ಣು ಪುಡಿಯಾಗಿ ಅವನ ಅಂಗೈಗೆ ಬಿತ್ತು, ಜೊತೆಗೆ ಒಣಗಿ ಸುರುಟಿದ ಎರಡು ಸಣ್ಣ ಹಸಿರು ಹುಳ. ತನ್ನ ಮರಿಗೆ ಅಂತ ತಂದಿಟ್ಟ ಬುತ್ತಿ ಇರಬೇಕು. ಊದಿ ಹಾಕಿ ಮುಚ್ಚಳ ತಿರುಗಿಸಿದ. ಅಷ್ಟು ಹೊತ್ತಿಗೆ ನನ್ನ ಕಾಫಿ ತಣ್ಣಗಾಗಿತ್ತು. ಅವರಮ್ಮ ಇನ್ನೊಂದು ಲೋಟ ತಂದುಕೊಟ್ಟರು.